ನಿಂತ ಶಾಫ್ಟಿನ ಸುತ್ತಳತೆ

ಮಧ್ಯಾಹ್ನ ಊಟವಾಗಿ ಕಣ್ಣು ಎಳೆಯುವ ಹೊತ್ತಿಗೆ ಈಗಲೂ ಒಮ್ಮೊಮ್ಮೆ ನನಗೆ ಆ ಶೆಡ್ಡು ಕಾಣುತ್ತದೆ. ಮಗ್ಗಗಳೆಲ್ಲ ನಿಂತಿವೆ. ಛಾವಣಿಯ ಗಾಜಿನ ಹೆಂಚಿನಿಂದ ಬಿಸಿಲು ಒಂದು ಕಂಬದಂತೆ ಇಳಿದಿದೆ. ಅದರೊಳಗೆ ಹತ್ತಿಯ ನವಿರೆಳೆಗಳು ಏರದೆ ಇಳಿಯದೆ ತೇಲುತ್ತಿವೆ. ಸ್ಟೂಲಿನ ಮೇಲೆ ಹುಡುಗಿಯೊಬ್ಬಳು ತುದಿಗಾಲಲ್ಲಿ ನಿಂತಿದ್ದಾಳೆ. ಬಾಗಿಲಲ್ಲಿ ನಾನು. ಅವಳನ್ನು ಕೂಗಬೇಕು, ಕೂಗುವುದಿಲ್ಲ. ಅಷ್ಟರಲ್ಲಿ ಎಚ್ಚರವಾಗುತ್ತದೆ.

ಅರವತ್ತರ ದಶಕದ ಮಾತು. ನಾನು ಗಡಹಿಂಗ್ಲಜದವಳು. ಕೊಲ್ಹಾಪುರದಲ್ಲಿ ಹಾಸ್ಟೆಲಿನಲ್ಲಿದ್ದು ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ಇಚಲಕರಂಜಿಯಲ್ಲಿದ್ದ ಅಕ್ಕ ಮೂರನೆಯದನ್ನು ಹಡೆದಾಗ ಅವಳಿಗೆ ನೆರವಾಗಲು ಹೋದವಳು ಅಲ್ಲೇ ಉಳಿದುಬಿಟ್ಟೆ. ಅಕ್ಕನ ಮನೆಯ ಹಿತ್ತಲಿಗೆ ತಾಗಿಕೊಂಡೇ ಪಕ್ಕದ ಮನೆಯವರ, ಕರೆಂಟಿನಿಂದ ನಡೆಯುವ ಎಂಟು ಮಗ್ಗಗಳ ಶೆಡ್ಡಿತ್ತು. ಅವರೂ ನಮ್ಮ ಹಾಗೆ ಮನೆಯಲ್ಲಿ ಕನ್ನಡದವರು. ಅವರ ಮಗಳು ಮರಾಠಿ ಶಾಲೆಯಲ್ಲಿ ಹನ್ನೊಂದನೆಯ ಇಯತ್ತೆಯಲ್ಲಿದ್ದಳು, ಅಂದರೆ ಆ ವರ್ಷ ಮ್ಯಾಟ್ರಿಕ್. ಆಗ ಹುಡುಗಿಯರು ಬೀಜಗಣಿತ, ಭೂಮಿತಿ ಬಿಟ್ಟು ಸಾದಾ ಅಂಕಗಣಿತ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಂಡರೆ ಮುಂದೆ ಸಾಯನ್ಸಿನ ಬಾಗಿಲು ಮುಚ್ಚಿದಂತೆ. ಪರೀಕ್ಷೆಯ ಫಾರ್ಮು ತುಂಬುವುದರೊಳಗೆ ತೀರ್ಮಾನಿಸಬೇಕಿತ್ತು. ಅವಳಿಗೆ ಬೀಜಗಣಿತವೇ ಬೇಕು. ಅವಳಪ್ಪನಿಗೆ ಅನುಮಾನ. "ಒಂದ್ ತಿಂಗಳ ಹೇಳಿ ಕೊಟ್ಟು ನೋಡು ತಂಗಿ. ಆದ್ರ ಆತು, ಇಲ್ಲಂದ್ರ ಸಾದಾ," ಎಂದು ನನಗೆ ಒಪ್ಪಿಸಿದ್ದರು.

ಶೆಡ್ಡಿನ ಹೊರಗಿನ ಪಡಸಾಲೆಯಲ್ಲಿ ನಮ್ಮ ಪಾಠ. ಅವಳ ಜೊತೆಗೆ ಪಕ್ಕದ ಓಣಿಯ ಒಬ್ಬ ಗೆಳತಿಯೂ ಬರುತ್ತಿದ್ದಳು. ಪುಸ್ತಕ ಮರಾಠಿಯದು, ನನ್ನ ವಿವರಣೆ ಕನ್ನಡದ್ದು, ಇಬ್ಬರ ಕಿತ್ತಾಟ ಎರಡರಲ್ಲೂ. ಒಳಗೆ ಮಗ್ಗಗಳ ಖಟಖಟ ಎಷ್ಟಿರುತ್ತಿತ್ತೆಂದರೆ ನಾವು ಮಾತಾಡುವುದಕ್ಕಿಂತ ಪಾಟಿಯ ಮೇಲೆ ಬರೆದು ತೋರಿಸುವುದೇ ಹೆಚ್ಚು. ಕೆಲವು ದಿನಗಳಲ್ಲಿ ಆ ಸದ್ದು ನನಗೆ ಮಳೆಯ ಸದ್ದಿನಂತಾಯಿತು. ಅದರೊಳಗೆ ಕುಳಿತು ಎರಡು ತಲೆಗಳು ಒಂದು ಸಮೀಕರಣದ ಮೇಲೆ ಬಾಗಿರುವುದನ್ನು ನೋಡುತ್ತಿದ್ದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ವರ್ತುಲದ ಲೆಕ್ಕಗಳನ್ನು ಮಾಡುತ್ತಿದ್ದ ದಿನ ಹುಡುಗಿ ಪೆನ್ಸಿಲ್ ಕೆಳಗಿಟ್ಟಳು.

"ಅಕ್ಕಾರ, ಈ ಪುಸ್ತಕದಾಗಿನ ಚಕ್ರಗೋಳೆಲ್ಲಾ ಏಳು, ಹದಿನಾಲ್ಕು, ಇಪ್ಪತ್ತೊಂದು. ಖರೇ ಚಕ್ರಗೋಳು ಏಳರ ಮಗ್ಗ್ಯಾಗ ಹುಟ್ಟತಾವೇನ್ರಿ?"

"ಇಪ್ಪತ್ತೆರಡು ಭಾಗಿಲೆ ಏಳು ಹೊಡದು ಹೋಗಲಿ ಅಂತ ಹಂಗ ಬರದಿರತಾರ," ಎಂದೆ.

"ಅಂದ್ರ ಸುಳ್ಳ ಚಕ್ರ."

ಗೆಳತಿ ನಕ್ಕಳು. "ನಿಮ್ಮಪ್ಪನ ಶೆಡ್ಡಿನ್ಯಾಗ ಖರೇ ಚಕ್ರ ಅದಾವಲ್ಲ, ಹೋಗಿ ಅವನ್ನ ಕೇಳು."

ನನಗೆ ಅದು ಬಹಳ ಹಿಡಿಸಿತು. ಚರ್ಮದ ಪಟ್ಟಾಗಳಿಂದ ಎಲ್ಲ ಮಗ್ಗಗಳನ್ನೂ ತಿರುಗಿಸುವ, ಛಾವಣಿಯ ಕೆಳಗಿನ ಶಾಫ್ಟಿಗೆ ಕೂಡಿಸಿದ ಪುಲ್ಲಿಯ ಸುತ್ತ ದಾರ ಸುತ್ತಿ ಅಳೆದರೆ ಸುತ್ತಳತೆ ಸಿಗುತ್ತದೆ, ಅದರಿಂದ ವ್ಯಾಸ ತೆಗೆಯಬಹುದು, ಮಗ್ಗದ ಪುಲ್ಲಿಯನ್ನೂ ಅಳೆದರೆ ಶಾಫ್ಟಿನ ಒಂದು ಸುತ್ತಿಗೆ ಮಗ್ಗ ಎಷ್ಟು ಸುತ್ತು ತಿರುಗುತ್ತದೆಂದೂ ಹೇಳಬಹುದು ಎಂದೆಲ್ಲ ಉಮೇದಿನಿಂದ ಹೇಳಿದೆ. "ಸುಮ್ಮ ನನ್ನ ಮಾತ ನಂಬಬ್ಯಾಡ. ಅಳತಿ ಮಾಡಿ ನೋಡು," ಎಂದೆ. ಎಚ್ಚರಿಕೆಗೆಂದು ಒಂದು ಮಾತನ್ನೂ ಸೇರಿಸಿದೆ: "ಶಾಫ್ಟ್ ನಿಂತಾಗ ಮಾಡು ಮತ್ತ."

ನಿಂತಾಗ. ಆ ಊರಿನಲ್ಲಿ ಶಾಫ್ಟು ಎರಡು ಬಗೆಯಲ್ಲಿ ನಿಲ್ಲುತ್ತಿತ್ತು. ಮಾಲಿಕರು ಸ್ವಿಚ್ಚು ತೆಗೆದರೆ ಒಂದು. ಕರೆಂಟು ಹೋದರೆ ಇನ್ನೊಂದು. ಕರೆಂಟು ಹೋದಾಗ ಯಾರೂ ಸ್ವಿಚ್ಚು ಮುಟ್ಟುತ್ತಿರಲಿಲ್ಲ. ಕೆಲಸದವರು ತಮ್ಮ ತಮ್ಮ ಮಗ್ಗವನ್ನು ಹಿಡಿಕೆ ಎಳೆದು ಶಾಫ್ಟಿನಿಂದ ಬಿಡಿಸಿಟ್ಟು ಮೂಲೆಯ ಚಹಾದ ಅಂಗಡಿಗೆ ಹೋಗುವರು. ಕರೆಂಟು ಬಂತೆಂದರೆ ಶಾಫ್ಟು ತಾನಾಗಿಯೇ ತಿರುಗತೊಡಗುವುದು. ಪಟ್ಟಾದ ಆ ಸದ್ದೇ ಅವರನ್ನು ಕರೆಯುವ ಗಂಟೆ. ಕಪ್ಪು ಕೆಳಗಿಟ್ಟು ಓಡಿ ಬರುವರು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಅಕ್ಕನ ಅಡಿಗೆಮನೆಯಲ್ಲಿ ಕುಳಿತು ಓಣಿಯೆಲ್ಲ ಒಮ್ಮೆಲೆ ಮೌನವಾಗುವುದನ್ನೂ, ಮತ್ತೆ ಒಂದೊಂದೇ ಶೆಡ್ಡು ಎದ್ದು ಕೂರುವುದನ್ನೂ ಎಷ್ಟು ಸಲ ಕೇಳಿದ್ದೆ. ಲೆಕ್ಕ ಹಾಕಿ ಕೊಡುವಾಗ ಮಾತ್ರ ನೆನಪಾಗಲಿಲ್ಲ.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ಕೆಲಸದವರು ಹೊರಬಿದ್ದರು. ನಾನು ಗೆಳತಿಯ ಲೆಕ್ಕದ ವಹಿ ನೋಡುತ್ತಿದ್ದೆ. ಆ ಮೌನದಲ್ಲಿ ಎಲ್ಲೋ ಒಂದು ಕಾಗೆ ಕೂಗಿದ್ದು, ತೊಟ್ಟಿಲಲ್ಲಿ ಅಕ್ಕನ ಕೂಸು ಕುಂಯ್ಗುಟ್ಟಿದ್ದು ಎಲ್ಲ ಹತ್ತಿರದಲ್ಲೇ ಕೇಳುತ್ತಿತ್ತು. ತಲೆಯೆತ್ತಿದರೆ ಹುಡುಗಿ ಇರಲಿಲ್ಲ. ಎದ್ದು ಶೆಡ್ಡಿನ ಬಾಗಿಲಿಗೆ ಹೋದೆ.

ಅವಳು ಸ್ಟೂಲು ಹತ್ತಿದ್ದಳು. ನೆಲದಲ್ಲಿ ಬಿದ್ದಿದ್ದ ನೂಲಿನ ಎಳೆಯೊಂದನ್ನು ಪುಲ್ಲಿಗೆ ಒಂದು ಸುತ್ತು ಹಾಕಿ, ಜಾರದಿರಲೆಂದು ಅದರ ತುದಿಯನ್ನು ತೋರುಬೆರಳಿಗೆ ಸುತ್ತಿಕೊಂಡಿದ್ದಳು. ಅವತ್ತು ತಲೆಗೆ ಎರೆದುಕೊಂಡಿದ್ದರಿಂದ ಜಡೆ ಮಡಚಿ ಕಟ್ಟಿರಲಿಲ್ಲ. ತಲೆ ವಾಲಿಸಿದಾಗ ಅದು ಪಟ್ಟಾದಿಂದ ಒಂದು ಗೇಣಿನ ದೂರದಲ್ಲಿ ತೂಗುತ್ತಿತ್ತು. ಇದನ್ನೆಲ್ಲ ನಾನು ನೋಡಿದೆ. ನೋಡಿ ನನಗಾದದ್ದು ಹೆದರಿಕೆಯಲ್ಲ, ಸಂತೋಷ. ಪುಸ್ತಕ ನಂಬದ ಒಬ್ಬ ವಿದ್ಯಾರ್ಥಿನಿ ನನಗೆ ಸಿಕ್ಕಳಲ್ಲ ಎಂದು ಬಾಗಿಲಿಗೆ ಒರಗಿ ನಿಂತೆ. ಬಿಸಿಲು, ತೇಲುವ ಎಳೆಗಳು, ಅವಳ ತುದಿಗಾಲು. ಅಷ್ಟು ಚೆಂದವಿತ್ತು.

ಆಮೇಲೆ ಕರೆಂಟು ಬಂತು.

ಮೊದಲು ಮೋಟಾರಿನ ಗುಂಯ್ ಎಂಬ ನರಳಿಕೆ. ಪಟ್ಟಾ ಒಮ್ಮೆ ನಡುಗಿತು. ನೂಲು ಬಿಗಿಯಾಗಿ ಅವಳ ತೋಳನ್ನು ಮೇಲಕ್ಕೆ ಎಳೆದದ್ದು ಕಂಡಿತು. ಮುಂದಿನದು ನನಗೆ ಸದ್ದಿಲ್ಲದೆ ನೆನಪಿದೆ. ನೂಲು ಹರಿಯಿತು. ಅವಳು ಹಿಂದಕ್ಕೆ, ನೇಯ್ದ ಬಟ್ಟೆಯ ಗಂಟುಗಳ ಮೇಲೆ ಬಿದ್ದಳು. ಸ್ಟೂಲು ಉರುಳಿತು. ಮೇಲೆ ಶಾಫ್ಟು, ಏನೂ ಆಗದ ಹಾಗೆ, ಪೂರ್ತಿ ವೇಗಕ್ಕೆ ಬಂದಿತ್ತು.

ಬೆರಳಿನ ಸುತ್ತ ಚಾಕುವಿನಿಂದ ಕೊಯ್ದ ಹಾಗೆ ಒಂದು ಗೆರೆ. ಅಷ್ಟೇ. ಅದು ನೂಲಾಗಿರದೆ ಗಂಟು ಕಟ್ಟುವ ಸುತಳಿಯಾಗಿದ್ದರೆ ಹರಿಯುತ್ತಿರಲಿಲ್ಲ. ನಮ್ಮ ಮನೆಯಿಂದ ಸುತಳಿ ತಂದುಕೊಡಬೇಕೆಂದು ಅಂದು ಬೆಳಿಗ್ಗೆ ನಾನು ಅಂದುಕೊಂಡಿದ್ದೆ. ಕೂಸಿನ ಗಡಿಬಿಡಿಯಲ್ಲಿ ಮರೆತಿದ್ದೆ.

ಅವಳಪ್ಪ ಓಡಿ ಬಂದರು. ಬೆರಳಿಗೆ ಅರಿಸಿನ ಒತ್ತುತ್ತ ಬೈದರು. "ಅಲ್ಲಿ ಏರಿ ಏನ್ ಹುಡುಕಾಕತ್ತಿದ್ದಿ? ಶಾಫ್ಟಿಗೆ ಮಾವಿನಕಾಯಿ ಬಿಟ್ಟಿದ್ವೇನು?"

ಹುಡುಗಿ ನನ್ನತ್ತ ಒಂದು ಸಲ ನೋಡಿದಳು. "ಏನಿಲ್ಲ ಅಪ್ಪಾ. ಹಂಗ ಸುಮ್ಮನ."

"ಸುಮ್ಮನ! ಹುಟ್ಟಿದಾಗಿಂದ ಇದರಾಗ ಬೆಳದಾಕಿ. ಕೈ ಎಲ್ಲಿ ಇಡಬೇಕು ಅನ್ನೂದ ತಿಳಿಯದಾಕಿಗೆ ಬೀಜಗಣಿತ ಯಾಕ ಬೇಕು? ಫಾರ್ಮಿನ್ಯಾಗ ಸಾದಾ ಬರಿ, ಮುಗೀತು."

ಅವಳು ಅಳಲಿಲ್ಲ. ನನ್ನ ಹೆಸರನ್ನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಮನೆಗೆ ಬಂದು ಅಕ್ಕನಿಗೂ ಹೇಳದೆ ಕೂಸಿನ ಬಟ್ಟೆ ಮಡಚುತ್ತ ಕುಳಿತೆ. ಮನಸ್ಸು ಮಾತ್ರ ತನ್ನಷ್ಟಕ್ಕೆ ಲೆಕ್ಕ ಮಾಡುತ್ತಿತ್ತು: ನೂಲು ಬಿಗಿಯಾಗಲು ಪುಲ್ಲಿ ಎಷ್ಟು ತಿರುಗಿರಬೇಕು, ಜಡೆಗೂ ಪಟ್ಟಾಕ್ಕೂ ನಡುವಿನ ಆ ಒಂದು ಗೇಣು ದಾಟಲು ಇನ್ನೆಷ್ಟು ಸಾಕಿತ್ತು. ಪ್ರತಿ ಸಲವೂ ಉತ್ತರ ಬರುವ ಮುಂಚೆ ಬಿಟ್ಟು ಮೊದಲಿಂದ ಶುರು ಮಾಡುತ್ತಿದ್ದೆ.

ಮರುದಿನ ಬೆಳಿಗ್ಗೆ ಹೋದೆ. ಅವಳಪ್ಪ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಫಾರ್ಮು ಅವರ ಪಕ್ಕದಲ್ಲಿತ್ತು. ನಿಂತೇ ಹೇಳಿದೆ. ಲೆಕ್ಕ ಕೊಟ್ಟವಳು ನಾನು, ಅಳೆ ಎಂದವಳು ನಾನು, ಬಾಗಿಲಲ್ಲಿ ನಿಂತು ನೋಡಿದವಳೂ ನಾನು.

"ನೋಡಿದಿ?" ಎಂದರು.

"ಹೌದ್ರಿ. ನಿಂತಿತ್ತಲ್ಲ ಅಂತ ತಿಳ್ಕೊಂಡೆ."

ಅವರು ಚಹಾದ ಬಸಿಯನ್ನು ಕೆಳಗಿಟ್ಟರು. "ನಿಂತಿರಲಿಲ್ಲ ಅದು, ತಂಗಿ. ಕಾಯಾಕತ್ತಿತ್ತು." ಆಮೇಲೆ ಹೇಳಿದರು: "ಸ್ವಿಚ್ ತಗೀದ ಹಂಗ ಬಿಟ್ಟಾವ ನಾನು. ಎರಡು ನಿಮಿಷ ಉಳೀಲಿ ಅಂತ. ನಮ್ಮಪ್ಪನೂ ಹಂಗ ಬಿಡತಿದ್ದ."

ಕುಳಿತಲ್ಲಿಂದಲೇ ಮಗಳನ್ನು ಕರೆದರು. "ಎಷ್ಟು ಬಂತು ಅದು?"

"ಯಾವುದು?"

"ನೀ ಅಳ್ಯಾಕ ಹೋದದ್ದು."

"ತಿಳೀಲಿಲ್ಲ. ನೂಲು ಹೋತು."

"ಅಷ್ಟ ಆಗಿ ಉತ್ತರಾನೂ ಇಲ್ಲಂದ್ರ ಏನ್ ಬಂತು?" ಎಂದು ಎದ್ದರು.

ಕೆಲಸದವರನ್ನು ಹೊರಗೆ ನಿಲ್ಲಿಸಿ ಸ್ವಿಚ್ಚು ತೆಗೆದರು. ಶಾಫ್ಟು ನಿಧಾನವಾಗಿ ನಿಂತಿತು. ಪಿಂಗಾಣಿಯ ಫ್ಯೂಜನ್ನೂ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಸ್ಟೂಲು ಗಟ್ಟಿಯಾಗಿ ಹಿಡಿದು ನಿಂತರು. ಹುಡುಗಿ ಹತ್ತಿದಳು. ನಾನು ಬಾಗಿಲು ದಾಟಲಾರದೆ ನಿಂತಿದ್ದೆ.

"ಅಕ್ಕಾರ, ಬರ್ರಿ. ಬೆರಳಿಗೆ ಪಟ್ಟಿ ಐತಿ, ಒಂದ್ ತುದಿ ನೀವು ಹಿಡೀಬೇಕು."

"ಫ್ಯೂಜ್ ತಗದೀರೇನ್ರಿ?" ಎಂದು ಅವಳಪ್ಪನನ್ನು ಕೇಳಿದೆ. ತೆಗೆಯುವುದನ್ನು ನಾನೇ ನೋಡಿದ್ದೆ. ಅವರು ಜೇಬಿನಿಂದ ತೆಗೆದು ತೋರಿಸಿದರು. ನಾಲ್ಕು ಹೆಜ್ಜೆ ಬಂದು ಮತ್ತೆ ಕೇಳಿದೆ. ಮತ್ತೆ ತೋರಿಸಿದರು. ಹೊರಗೆ ಕೆಲಸದವರಲ್ಲಿ ಯಾರೋ ನಕ್ಕರು. ಅವಳಪ್ಪ ನಗಲಿಲ್ಲ.

ನೂಲಿನ ತುದಿ ಹಿಡಿಯಲು ಕೈಯೆತ್ತಿ ಮೂರನೆಯ ಸಲ ಬಾಯಿ ತೆರೆದೆ. ಅವರು ನನ್ನ ಇನ್ನೊಂದು ಅಂಗೈ ಬಿಡಿಸಿ ಫ್ಯೂಜನ್ನು ಅದರಲ್ಲಿಟ್ಟು ಬೆರಳು ಮಡಚಿದರು. ಅದು ಇನ್ನೂ ಸ್ವಲ್ಪ ಬೆಚ್ಚಗಿತ್ತು.

"ಬಿಗಿ ಹಿಡೀರಿ ಅಕ್ಕಾರ," ಎಂದಳು ಹುಡುಗಿ ಮೇಲಿನಿಂದ. "ಕೈ ನಡುಗಿದ್ರ ಅಳತಿ ತಪ್ಪತದ."

ಫಾರ್ಮಿನಲ್ಲಿ ಬೀಜಗಣಿತವೆಂದೇ ಬರೆದಿತ್ತು, ಅದನ್ನು ನಾನು ಆಮೇಲೆ ನೋಡಿದೆ. ಆಗ ನಾನು ಒಂದು ಕೈಯಲ್ಲಿ ಫ್ಯೂಜು, ಒಂದು ಕೈಯಲ್ಲಿ ನೂಲು ಹಿಡಿದು, ಅವಳು ಗುರುತು ಮಾಡಿ ಇಳಿಯುವ ತನಕ ನಿಂತಿದ್ದೆ.