ಡಬ್ಬಿಯೊಳಗಿನ ಸದ್ದು

ಲವೀನಾ, ನಿನ್ನ ಜೆಲ್‌ಗಳನ್ನು ಒಡೆದವಳು ನಾನು. ನಿನ್ನ ಕೈಗುಣವಲ್ಲ, ಮಳೆಗಾಲದ ಗಾಳಿಯೂ ಅಲ್ಲ — ನಾನು, ಪ್ರಮೀಳಾ, ನಿನ್ನ ಪಕ್ಕದ ಮೇಜಿನವಳು.

ಆಗ ಲ್ಯಾಬಿನಲ್ಲಿ ನಮ್ಮಿಬ್ಬರದೂ ಒಂದೇ ಕೆಲಸ. ಅಲ್ಯೂಮಿನಾದ ದ್ರಾವಣವನ್ನು ಮೊಸರಿನಂತೆ ಹೆಪ್ಪುಗಟ್ಟಿಸಿ, ಆ ಜೆಲ್ಲನ್ನು ಒಣಗಿಸಿ, ಸುಟ್ಟು, ಕಣ್ಣಿಗೆ ಕಾಣದ ರಂಧ್ರಗಳ ಬಿಲ್ಲೆ ಮಾಡುವುದು. ಆ ರಂಧ್ರಗಳಲ್ಲಿ ವೇಗವರ್ಧಕ ಲೋಹ ಕೂರಬೇಕು. ಒಣಗಿಸುವುದೇ ಕಷ್ಟ — ಬಟ್ಟಲಿಗೆ ಹಾಳೆ ಕಟ್ಟಿ, ಸೂಜಿಮೊನೆಯಷ್ಟು ತೂತು ಬಿಟ್ಟು ಕಾಯಬೇಕು, ಬೇಗ ಒಣಗಿದರೆ ಬಿರುಕು. ನನ್ನವು ಬಿರಿಯುತ್ತಿದ್ದವು, ನಿನ್ನವು ಇಡಿಯಾಗಿ ಬರುತ್ತಿದ್ದವು. ನಮ್ಮಿಬ್ಬರಲ್ಲಿ ಒಬ್ಬಳನ್ನಷ್ಟೇ ಸರ್ ಕೆಲಸದಲ್ಲಿ ಮುಂದುವರಿಸುವವರಿದ್ದರು.

ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕುವುದಿಲ್ಲ. ನೀನು ಊಟಕ್ಕೆ ಹೋದಾಗ ದುಪಟ್ಟಾದ ಪಿನ್ನು ತೆಗೆದು ನಿನ್ನ ಬಟ್ಟಲಿನ ಹಾಳೆಯ ತೂತುಗಳನ್ನು ದೊಡ್ಡದು ಮಾಡಿದೆ. ಪಿನ್ನು ಬಟ್ಟಲಿನ ಗಾಜಿಗೆ ತಾಗಿದ್ದೇ ತಡ, ಒಳಗಿನ ಜೆಲ್ ಗುಂಯ್ ಎಂದಿತು. ಹಸಿ ಜೆಲ್ ಹಾಗೆ ಮೊಳಗುವುದುಂಟು, ನನಗೆ ಗೊತ್ತಿತ್ತು. ಆದರೂ ಯಾರೋ ಬಾಯಿ ಮುಚ್ಚಿಕೊಂಡೇ ನನ್ನನ್ನು ಕರೆದಂತಾಗಿ ಪಿನ್ನನ್ನು ಹಿಂದಕ್ಕೆಳೆದುಕೊಂಡೆ. ಇನ್ನು ಮಾಡಲಾರೆ ಅಂದುಕೊಂಡೆ — ಮತ್ತೆ ಮಾಡಿದೆ.

ಸರ್ ಚೂರುಗಳನ್ನು ನೋಡಿ, "ಇದನ್ನು ಯಾರಾದರೂ ಮುಟ್ಟಿದ್ದೀರಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ — ಇಲ್ಲ, ಸುಳ್ಳು, ನಾನು ಬಾಯಿ ತೆರೆಯಲೇ ಇಲ್ಲ. ನೀನೇ ಹೇಳಿದೆ, "ನನ್ನ ಕೈಯೇ ಸರಿ ಇಲ್ಲ ಸರ್." ಕೆಲಸ ನನಗೆ ಬಂತು. ನೀನು ಲ್ಯಾಬು ಬಿಟ್ಟೆ.

ನಿನ್ನದೊಂದು ಚೂರನ್ನು ಡಬ್ಬಿಯಲ್ಲಿ ಇಟ್ಟುಕೊಂಡೆ, ಯಾಕೋ ತಿಳಿಯದು. ಮಳೆ ಹಿಡಿದಾಗಲೆಲ್ಲ ಅದು ಟಿಕ್ ಅನ್ನುತ್ತಿತ್ತು. ತೇವ ಹೀರಿ ಬಿರಿಯುತ್ತಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈಗ ಡಬ್ಬಿ ತೆರೆದರೆ ಬರೀ ಪುಡಿ. ಬಿರಿಯುವುದಕ್ಕೆ ಏನೂ ಉಳಿದಿಲ್ಲ — ಸದ್ದು ಮಾತ್ರ ನಿಂತಿಲ್ಲ. ನನಗೆ ಹೆದರಿಕೆಯಾಗುತ್ತದೆ.

ಮೊನ್ನೆ ವಿದ್ಯಾನಗರದಲ್ಲಿ, ಕಚೇರಿಯೊಂದರ ಸಾಲಿನಲ್ಲಿ ನೀನು ಸಿಕ್ಕೆ. ನಾನು ಸಹಿ ಹಾಕಬೇಕಿತ್ತು, ತೋಳಿನಲ್ಲಿದ್ದ ನನ್ನ ಪುಟ್ಟ ಮಗಳನ್ನು ಸ್ವಲ್ಪ ಹಿಡಿದುಕೋ ಎಂದು ನಿನ್ನತ್ತ ಚಾಚಿದೆ. ನೀನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಕ್ಕೆ.

"ಬೇಡ ಮಾರಾಯ್ತಿ, ನನ್ನ ಕೈ ಎಂತದ್ದು ಅಂತ ನಿನಗೆ ಗೊತ್ತುಂಟಲ್ಲ."

ಗೊತ್ತು ಲವೀನಾ, ನನಗೊಬ್ಬಳಿಗೇ ಗೊತ್ತು. ಆಗಲೂ ನಕ್ಕುಬಿಟ್ಟೆನೇ ಹೊರತು ಹೇಳಲಿಲ್ಲ. ಮಗು ನನ್ನ ತೋಳಿನಲ್ಲೇ ಇತ್ತು. ಅದರ ಉಸಿರಿನ ನಡುವೆ ಟಿಕ್ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಡಬ್ಬಿ ಮನೆಯಲ್ಲಿತ್ತು.

ನಾಳೆ ನಿಮ್ಮ ಮನೆಗೆ ಬರುತ್ತೇನೆ. ಇದೆಲ್ಲವನ್ನೂ ನಿನ್ನೆದುರು ನಿಂತು ಹೇಳುತ್ತೇನೆ, ಕ್ಷಮೆ ಕೇಳುವುದಿಲ್ಲ. ಮಗಳನ್ನೂ ಕರೆತರುತ್ತೇನೆ. ನನ್ನ ಮುಖ ನೋಡದಿದ್ದರೂ ಸರಿ, ನಿನ್ನ ಆ ಕೈಗಳಿಂದಲೇ ಅವಳನ್ನೊಮ್ಮೆ ಎತ್ತಿಕೋ.