ರುಜು ಹಾಕದ ಭೇಟಿ

ಮೊನ್ನೆ ಹಳೆಯ ನಿಘಂಟಿನೊಳಗಿಂದ ಲಗ್ನಪತ್ರಿಕೆಯ ಅರ್ಧ ಹೋಳೊಂದು ಜಾರಿ ಬಿತ್ತು. ಇಂಡಿ ತಾಲೂಕಿನ ಯಾರದೋ ಮದುವೆ. ವಧೂವರರ ಪಾಲು ಹರಿದುಹೋಗಿದೆ. ಬೆನ್ನಿಗೆ ನೀಲಿ ಶಾಯಿಯಲ್ಲಿ ಒಂದು ವೆಬ್‌ಸೈಟಿನ ವಿಳಾಸ. ಎಸೆಯಲು ಕೈ ಎತ್ತಿದವನು ಹಾಗೆಯೇ ಕೂತೆ.

ನಿಮಗೂ ನೆನಪಿರಬಹುದು, ಆಗ ವೆಬ್‌ಸೈಟುಗಳು ನಮ್ಮ ಕಡೆ ಬಸ್ಸಿನಲ್ಲಿ ಬರುತ್ತಿದ್ದವು. ಮುದ್ದೇಬಿಹಾಳದ ಬೀಗರು ಒಂದು ವಿಳಾಸ ತಂದರೆ ಬಾಗೇವಾಡಿಯವರು ಇನ್ನೊಂದು ಕಳಿಸುವರು. ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದೆ ಸೈಬರ್ ಕೆಫೆ ಇಟ್ಟಿದ್ದ ಮೆಹಬೂಬ್‌ಸಾಬರು ಅವನ್ನೆಲ್ಲ ಕ್ಯಾಲೆಂಡರಿನ ಬೆನ್ನಿಗೆ ಬರೆದು ಗೋಡೆಗೆ ತೂಗುಹಾಕಿದ್ದರು. ಒಂದು ಸೈಟು ಹೊಕ್ಕರೆ ಅದರ ತಳದಲ್ಲಿ ನಾಲ್ಕು ನೆರೆಹೊರೆಯವರ ಹೆಸರು. ಓಣಿಯಲ್ಲಿ ಮನೆ ಕೇಳುತ್ತ ಹೋದಂತೆ ಮುಂದಕ್ಕೆ ಹೋಗುವುದು.

ನಾನು ಆಗ ಮುಖ್ಯಾಧ್ಯಾಪಕ. ಶಾಲೆಯ ತಪಾಸಣೆಗೆ ಬಂದ ಇನ್‌ಸ್ಪೆಕ್ಟರರು ಷರಾ ಬರೆದು ರುಜು ಹಾಕಲೆಂದು ಇಪ್ಪತ್ತು ವರ್ಷ ಅವರ ಮುಂದೆ ಭೇಟಿ ಪುಸ್ತಕ ಹಿಡಿದು ನಿಂತವನು. ಆಗಿನ ಬಹಳಷ್ಟು ಸೈಟುಗಳಲ್ಲಿ ಬಂದವರು ನಾಲ್ಕು ಸಾಲು ಬರೆಯಲೆಂದು ಅತಿಥಿ ಪುಸ್ತಕವಿರುತ್ತಿತ್ತು. ಒಬ್ಬರ ಮನೆ ಹೊಕ್ಕು ರುಜು ಹಾಕದೆ ಹೊರಬೀಳುವುದು ನನ್ನ ಸೇವಾ ನಿಯಮಕ್ಕೆ ಸಮ್ಮತವಿರಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಇಂಗ್ಲಿಷಿನಲ್ಲಿ ಒತ್ತುತ್ತಿದ್ದೆ: ‘ಇಂದು ಭೇಟಿ ನೀಡಲಾಯಿತು. ಸ್ವಚ್ಛತೆ ಸಮಾಧಾನಕರ.’ ಕೆಳಗೆ ಹೆಸರು, ಹುದ್ದೆ, ತಾಲೂಕು, ಜಿಲ್ಲೆ. ಜಪಾನಿನ ಬೆಕ್ಕೊಂದರ ಸೈಟಿಗೂ ಈ ಗೌರವ ಸಂದಿದೆ.

“ಸರ, ಬರೇ ನೋಡ್ರಿ, ತಪಾಸಣಿ ಮಾಡಬ್ಯಾಡ್ರಿ. ಹಿಂದ ಮಂದಿ ಕಾಯಾಕತ್ತಾರ,” ಎನ್ನುತ್ತಿದ್ದರು ಸಾಬರು.

ನಮ್ಮ ಶಾಲೆಯ ಶಿಕ್ಷಕಿ ನೀಲಮ್ಮ ಅಕ್ಕೋರ ಮಗಳಿಗೆ ಕಿವಿ ಕೇಳುತ್ತಿರಲಿಲ್ಲ. ಅಂಥ ಮಕ್ಕಳಿಗೆ ತಾಯಿಯನ್ನೂ ಜೊತೆಗೆ ಕೂರಿಸಿ ಮಾತು ಕಲಿಸುವ ಶಾಲೆಯೊಂದಿದೆ, ಐದು ತುಂಬುವುದರೊಳಗೆ ಸೇರಿಸಬೇಕು ಎಂದು ಡಾಕ್ಟರರು ಹೇಳಿದ್ದರಂತೆ. ಯಾವ ಊರೆಂದು ಅವರಿಗೂ ಗೊತ್ತಿಲ್ಲ. ಐದಕ್ಕೆ ಇನ್ನು ಮೂರೇ ತಿಂಗಳು. ನಾನು ದಿನಾ ಸಂಜೆ ಹುಡುಕಿದೆ. ಸಿಕ್ಕ ಶಾಲೆಗಳೆಲ್ಲ ಸಮುದ್ರದಾಚೆಯವು.

ಹೀಗೆ ಸೋತು ಕೂತ ಒಂದು ಸಂಜೆ, ಗುಲಾಬಿ ಬೆಳೆಯುವ ಯಾರೋ ಹೆಣ್ಣುಮಗಳ ಪುಟ ಹೊಕ್ಕೆ. ಹೂ ನೋಡಿ ಸುಮ್ಮನೆ ಬರಬಹುದಿತ್ತು. ‘ಗಿಡಗಳ ಪಾಲನೆ ತೃಪ್ತಿಕರ’ ಎಂದು ಬರೆದ ಮೇಲೆ ಕೈ ನಿಲ್ಲಲಿಲ್ಲ. ಅಕ್ಕೋರ ಮಗಳ ಸಂಗತಿಯನ್ನೂ ಬರೆದೆ. ಎಂಟು ದಿನ ಬಿಟ್ಟು, ಇನ್‌ಸ್ಪೆಕ್ಟರರ ಪದ್ಧತಿಯಂತೆ ಮರುಭೇಟಿಗೆ ಹೋದರೆ, ನನ್ನ ರುಜುವಿನ ಕೆಳಗೇ ಉತ್ತರ: ಆಕೆಯ ತಂಗಿಯ ಮಗ ಮೈಸೂರಿನಲ್ಲಿ ಅಂಥದೇ ಶಾಲೆಗೆ ಹೋಗುತ್ತಾನೆ, ಆ ಶಾಲೆಯ ವೆಬ್‌ಸೈಟಿನ ವಿಳಾಸ ಇದು. ಸಾಬರು ಕೈಗೆ ಸಿಕ್ಕ ಲಗ್ನಪತ್ರಿಕೆಯ ಮೇಲೆ ಬರೆದುಕೊಟ್ಟರು. ನಾನು ಅಕ್ಕೋರ ಮನೆಗೆ ಓಡಿದೆ.

ಅಕ್ಕೋರು ಅದನ್ನು ಎರಡು ಸಲ ಓದಿದರು. “ಸರ, ನಾಳಿಂದ ರಜಾ ಬೇಕ್ರಿ,” ಎಂದರು.

ಮೂರು ವರ್ಷದ ಮೇಲೆ ತಾಯಿ ಮಗಳು ನಮ್ಮ ಮನೆಗೆ ಬಂದರು. ಹುಡುಗಿ ನನ್ನ ತುಟಿಯನ್ನೇ ನೋಡುತ್ತ ನಿಂತು, ಒಂದೊಂದೇ ಅಕ್ಷರ ಎತ್ತಿಟ್ಟಂತೆ, “ನಮಸ್ಕಾರ್ರಿ ಸರ” ಎಂದಳು. ಅಕ್ಕೋರು ಚೀಟಿ ಮರಳಿಸಿದರು. “ನಿಮ್ಮ ಕಡೆನ ಇರ್ಲಿ. ಮತ್ತ ಯಾರರ ಕೇಳ್ಕೋತ ಬಂದಾರು.”

ಯಾರೂ ಬರಲಿಲ್ಲ. ಈಗ ಎಲ್ಲರೂ ಮೊಬೈಲನ್ನೇ ಕೇಳುತ್ತಾರೆ. ಮೊನ್ನೆ ನಾನೂ ಕೇಳಿದೆ. ಕಣ್ಣು ಮಿಟುಕಿಸುವುದರೊಳಗೆ ಆ ಶಾಲೆ, ಅದರ ದಾರಿ, ಫೋನು ನಂಬರು ಎಲ್ಲ ಬಂದವು. ಗುಲಾಬಿಯ ಪುಟ ಮಾತ್ರ ಎಲ್ಲಿಯೂ ಇಲ್ಲ. ಬೆಕ್ಕಿಗೂ ಬಿಡದೆ ರುಜು ಹಾಕಿದ ನಾನು, ಅಂದು ಚೀಟಿ ಹಿಡಿದು ಓಡುವ ಅವಸರದಲ್ಲಿ ಆಕೆಗೆ ಉಪಕಾರ ನೆನೆದು ಒಂದು ಸಾಲೂ ಬರೆದಿರಲಿಲ್ಲ. ನಾಳೆ ಬರೆದರಾಯಿತು ಎಂದುಕೊಂಡಿದ್ದೆ.

ಚೀಟಿಯ ಮೂಲೆಯಲ್ಲಿ ಇನ್ನೊಂದಿಷ್ಟು ಜಾಗವಿತ್ತು. ಪೆನ್ನು ತೆಗೆದು ಬರೆದೆ: ‘ಭೇಟಿ ನೀಡಲಾಯಿತು. ಮನೆಯವರು ಇರಲಿಲ್ಲ.’ ಕೆಳಗೆ ರುಜು ಹಾಕಿ, ನಿಘಂಟಿನೊಳಗೆ ಮತ್ತೆ ಇಟ್ಟೆ.