ಹಜರತಬಿ ಮೂಸಿ ಒಪ್ಪಿದ ಗಂಧ

ಇಳಕಲ್ಲಿನ ಓಣಿಯಲ್ಲಿ ಮಗ್ಗಗಳ ಸದ್ದು ಇನ್ನೂ ಎದ್ದಿಲ್ಲ. ಬೆಳಗಿನ ನಮಾಜು ಮುಗಿಸಿದ ಹಜರತಬಿ ಒಲೆ ಹಚ್ಚುವ ಮೊದಲೇ ಪಡಸಾಲೆಯಲ್ಲಿ ಕುಳಿತು, ಕಾಗದದ ಪಟ್ಟಿಯೊಂದನ್ನು ಶ್ರೀಗಂಧದ ಎಣ್ಣೆಯಲ್ಲಿ ಅದ್ದುತ್ತಾರೆ. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚುತ್ತಾರೆ.

"ಉಳ್ಳಾಗಡ್ಡಿ ಹೆಚ್ಚಿದ ಮ್ಯಾಲೆ ಮುಗೀತ್ರಿ, ಮೂಗು ಅಡಿಗಿಮನಿದ ಆಗತದ," ಎಂದು ನಗುತ್ತಾರೆ.

ಘಮ ಉಳಿದಿದೆಯೇ ಎಂದು ಅದೇ ಪಟ್ಟಿಯನ್ನು ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಮೂಸುತ್ತಾರೆ. ದಿನಕ್ಕೆ ಐದಾರು ಬಾಟಲಿ. ಅವರು ಒಪ್ಪಿದ್ದು ಮಾತ್ರ ಪತಿ ಜಲಾಲುದ್ದೀನರ ಅತ್ತರಿನ ಅಂಗಡಿ ಸೇರುತ್ತದೆ. ಗಿರಾಕಿಗಳು ಹೊಗಳುವುದು ಜಲಾಲುದ್ದೀನರ ಮೂಗನ್ನು.

ನಾಲ್ಕು ವರ್ಷದ ಹಿಂದೆ, ತೊಂಬತ್ತೊಂಬತ್ತರ ಮಳೆಗಾಲದಲ್ಲಿ, ಹೊಸ ಡಬ್ಬಿಯೊಂದನ್ನು ಮೂಸಿದ ಜಲಾಲುದ್ದೀನ್ "ಮಾಲು ಛಲೋ ಅದ" ಎಂದರು. ಪಕ್ಕದಲ್ಲಿ ಬಾಟಲಿ ತೊಳೆಯುತ್ತಿದ್ದ ಹಜರತಬಿ ತಲೆಯೆತ್ತಿ, "ಇದು ಸರಿ ಇಲ್ರಿ" ಎಂದರು.

"ಇಪ್ಪತ್ತು ವರ್ಷ ಮೂಸೇನಿ, ನನಗ ಹೇಳ್ತಿಯೇನು?"

ಗದರಿದ ಗಂಡ ಸ್ವಲ್ಪ ಹೊತ್ತಿಗೆ ಡಬ್ಬಿಯ ಪಕ್ಕದಲ್ಲೇ ಕುಳಿತು ಒಪ್ಪಿಕೊಂಡರು. "ಜ್ವರ ಬಂದು ಹೋದಾಗಿಂದ ನನಗ ಯಾವ ವಾಸನಿನೂ ಬಡಿಯುವಲ್ದು. ಮೂರು ತಿಂಗಳಾತು. ಅಂಗಡಿ ಮುಚ್ಚಿಬಿಡ್ತೇನಿ."

ಹಜರತಬಿ ಹಳೆಯ ಎಣ್ಣೆಯದೊಂದು, ಹೊಸ ಡಬ್ಬಿಯದೊಂದು ಬಾಟಲಿ ಸೆರಗಿನಲ್ಲಿ ಕಟ್ಟಿಕೊಂಡು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನೆರೆಮನೆಯ ಸುನಂದಾ ಅವರಲ್ಲಿಗೆ ಹೋದರು. ಸುನಂದಾ ಗಾಜಿನ ಕೊಳವೆಗಳಲ್ಲಿ ನೀರು ಬೆರೆಸಿದ ಸ್ಪಿರಿಟ್ಟಿಗೆ ಎರಡನ್ನೂ ಹಾಕಿದಾಗ ಹಳೆಯ ಎಣ್ಣೆ ತಿಳಿಯಾಗಿ ಕರಗಿತು. ಹೊಸತು ಹಾಲಿನಂತೆ ಕದಡಿತು. ಬೇರೆ ಎಣ್ಣೆಯ ಬೆರಕೆ.

"ಗಂಧದೆಣ್ಣ್ಯಾಗ ಸ್ಯಾಂಟಲಾಲ್ ಅಂತ ಎರಡು ಇರ್ತಾವ, ಆಲ್ಫಾ, ಬೀಟಾ," ಎಂದು ಸುನಂದಾ ತಿಳಿಸಿದರು. "ಆಲ್ಫಾ ಹೆಚ್ಚು. ಬೀಟಾ ಕಡಿಮಿ, ಆದ್ರ ಆ ಘಮ ಹೆಚ್ಚಾಗಿ ಅದರದ. ಎರಡೂ ಲಗೂನ ಹಾರೂದಿಲ್ಲ."

"ಹೌದ್ರಿ, ಖರೆ ಗಂಧ ಸಂಜಿತನಾ ನಿಲ್ಲತದ," ಎಂದರು ಹಜರತಬಿ.

ಸುನಂದಾ ಹಜರತಬಿಯನ್ನೇ ನೋಡಿದರು. "ನಮಗ ಕೊಳವಿ ಬೇಕು. ನಿಮಗ ಮೂಗು ಸಾಕಲ್ರಿ ಅಕ್ಕಾರ."

ಡಬ್ಬಿ ವಾಪಸು ಹೋಯಿತು. ಅಂಗಡಿ ಉಳಿಯಿತು. ದವಾಖಾನೆಗಳಿಗೆ ಅಲೆದರೂ ಜಲಾಲುದ್ದೀನರಿಗೆ ವಾಸನೆ ಮರಳಲಿಲ್ಲ. ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದರೆ ಅವರು ಹೆಂಡತಿಯ ಕಡೆ ತಿರುಗುತ್ತಾರೆ. "ಬರೀರಿ. ಆಕಿ ಹೆಸರು ಮೊದಲ ಹಾಕ್ರಿ."

ಹಜರತಬಿಗೆ ಹೆಸರಿನ ಆಸೆಯಿಲ್ಲ. ಪಟ್ಟಿಯನ್ನು ಗೂಡಿನಲ್ಲಿಟ್ಟು, ಗಂಡ ಅಂಗಡಿಗೆ ಹೊರಡುವವರೆಗೆ ಕಾದು, ದನಿ ತಗ್ಗಿಸಿ ಹೇಳುತ್ತಾರೆ: "ಒಂದ್ ದಿನ ಅವರು ಮೂಸಿ ನೋಡಿ, 'ನಿನಗ ತಿಳಿಯೂದಿಲ್ಲ, ಇದು ಗಂಧ ಅಲ್ಲ' ಅಂತ ನನ್ನ ಕೂಡ ಜಗಳಾ ತಗೀಬೇಕ್ರಿ. ಅವತ್ತ ನಾ ಸೋಲಬೇಕು."